ಹುಯಿಯಾ ಹಕ್ಕಿಯೂ ಶೋಕದ ಕಲೆಯೂ

1898ನೆಯ ಇಸವಿಯಲ್ಲಿ ನ್ಯೂಜಿಲೆಂಡಿನ ಸರಕಾರದವರು ತಮ್ಮ ದೇಶದ ಬೆಟ್ಟ, ಸರೋವರ, ಹಕ್ಕಿಗಳ ಚಿತ್ರಗಳನ್ನೊಳಗೊಂಡ ಅಂಚೆಯ ಚೀಟಿಗಳನ್ನು ಹೊರಡಿಸಿದರು. ಅವುಗಳಲ್ಲಿ ಮೂರು ಪೆನ್ನಿಯ ಚೀಟಿಯ ಮೇಲೆ ಒಂದು ಜೋಡಿ ಹುಯಿಯಾ ಹಕ್ಕಿಗಳಿದ್ದುವು. ಆಗ ಆ ಹಕ್ಕಿಯು ಕಾಡಿನಲ್ಲಿ ಇನ್ನೂ ಬದುಕಿತ್ತು. ಒಂಬತ್ತು ವರ್ಷಗಳ ತರುವಾಯ, 1907ರ ಡಿಸೆಂಬರ್ 28ರಂದು, ತರರುವಾ ಬೆಟ್ಟಸಾಲಿನ ಕಾಡಿನಲ್ಲಿ ಡಬ್ಲ್ಯು. ಡಬ್ಲ್ಯು. ಸ್ಮಿತ್ ಎಂಬವರು ಮೂರು ಹುಯಿಯಾಗಳನ್ನು ಕಂಡರು. ಶಾಸ್ತ್ರಜ್ಞರು ಪ್ರಮಾಣವೆಂದು ಒಪ್ಪಿರುವ ಕಟ್ಟಕಡೆಯ ದರ್ಶನವು ಅದೇ. ಅನಂತರ 1933ರಲ್ಲಿ ಅದೇ ದೇಶದ ಆರು ಪೆನ್ನಿಯ ನಾಣ್ಯದ ಹಿಂಬದಿಗೆ ಹುಯಿಯಾವಿನ ಮುದ್ರೆ ಬಂದಿತು. 1967ರಲ್ಲಿ ದಶಮಾನ ನಾಣ್ಯಪದ್ಧತಿ ಬರುವವರೆಗೂ ಹಕ್ಕಿಯು ಜನರ ಕೈಯಿಂದ ಕೈಗೆ ಹಾರುತ್ತಿತ್ತು. ಕಾಡಿನಲ್ಲಿ ಅದು ಕಡಮೆಯಾದಂತೆಲ್ಲ ಅದರ ರೂಪವು ಜನರ ಕಿಸೆಗಳಲ್ಲಿ ಹೆಚ್ಚಿತೆಂದು ಹೇಳಿದರೆ ಅದು ವಕ್ರೋಕ್ತಿಯಲ್ಲ, ನಡೆದ ಸಂಗತಿ.

ಪ್ರತಿಕೃತಿಯು ಮೂಲವನ್ನು ಮೀರಿ ಬಾಳುವುದು ಕಲೆಗೆ ಹೊಸದಲ್ಲ. ರಾಜರು ಸತ್ತರೂ ಶಿಲೆಗಳು ನಿಲ್ಲುತ್ತವೆ. ಆದರೆ ಒಬ್ಬ ರಾಜನ ಪ್ರತಿಮೆಯನ್ನು ನೋಡುವವನು ಮನುಷ್ಯನೆಂದರೆ ಏನೆಂಬುದನ್ನು ಬಲ್ಲವನಾಗಿರುತ್ತಾನೆ. ಒಂದು ಜಾತಿಯ ಹಕ್ಕಿಯೇ ಭೂಮಿಯಿಂದ ಅಳಿದ ಮೇಲೆ ಅದರ ಚಿತ್ರವನ್ನು ನೋಡುವವನಿಗೆ ಅಂತಹ ಆಧಾರವಿಲ್ಲ. ಆ ಚಿತ್ರವು ಆಗ ಏನನ್ನು ಹೇಳುತ್ತದೆ? ಅದರಿಂದ ಹುಟ್ಟುವುದು ಶೋಕವೋ, ಕುತೂಹಲವೋ, ಕೇವಲ ನೇತ್ರಾನಂದವೋ? ಈ ಪ್ರಶ್ನೆಗಳನ್ನು ಪರಿಶೀಲಿಸುವುದಕ್ಕೆ ಹುಯಿಯಾವಿಗಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. ಏಕೆಂದರೆ ಆ ಹಕ್ಕಿಯು ಬದುಕಿದ್ದಾಗ, ಸಾಯುತ್ತಿದ್ದಾಗ, ಸತ್ತ ಮೇಲೆ, ಹೀಗೆ ಮೂರು ಅವಸ್ಥೆಗಳಲ್ಲಿಯೂ ಅದನ್ನು ಕುರಿತ ಕಲಾಕೃತಿಗಳು ಹುಟ್ಟಿವೆ.

ಹುಯಿಯಾ ಸುಮಾರು ಕಾಗೆಯ ಗಾತ್ರದ ಹಕ್ಕಿ. ಹಸುರು ಹೊಳಪು ಬೆರೆತ ಕಪ್ಪು ಮೈ. ಕೊಕ್ಕಿನ ಬುಡದಲ್ಲಿ ಕಿತ್ತಳೆಬಣ್ಣದ ಎರಡು ಜೋಲುತೊಗಲು. ಬಾಲದಲ್ಲಿ ಹನ್ನೆರಡು ಗರಿಗಳು, ಒಂದೊಂದರ ತುದಿಗೂ ಅಗಲವಾದ ಬಿಳಿಯ ಪಟ್ಟೆ. ಇದರ ವೈಚಿತ್ರ್ಯವಿರುವುದು ಕೊಕ್ಕಿನಲ್ಲಿ. ಗಂಡಿನ ಕೊಕ್ಕು ಗಿಡ್ಡ ಮತ್ತು ಗಟ್ಟಿ. ಹೆಣ್ಣಿನದು ನೀಳವಾಗಿ, ತೆಳ್ಳಗೆ, ಕುಡುಗೋಲಿನಂತೆ ಬಾಗಿದ್ದು. ಗಂಡು ಲೊಡ್ಡಾದ ಮರವನ್ನು ಕುಕ್ಕಿ ಒಡೆದು ಹುಳುವನ್ನು ತೆಗೆಯುತ್ತಿತ್ತು. ಹೆಣ್ಣು ಗಂಡಿಗೆ ಎಟುಕದ ಆಳದ ಬಿಲಗಳಿಗೆ ತನ್ನ ಕೊಕ್ಕನ್ನು ಇಳಿಸುತ್ತಿತ್ತು. ಈ ಭೇದವು ಎಷ್ಟು ದೊಡ್ಡದೆಂದರೆ, 1836ರಲ್ಲಿ ಇದನ್ನು ಮೊದಲು ವರ್ಣಿಸಿದ ಜಾನ್ ಗೂಲ್ಡ್ ಎಂಬ ಪ್ರಸಿದ್ಧ ಪಕ್ಷಿಶಾಸ್ತ್ರಜ್ಞನು ಗಂಡು ಹೆಣ್ಣುಗಳನ್ನು ಎರಡು ಬೇರೆ ಬೇರೆ ಜಾತಿಗಳೆಂದೇ ಭಾವಿಸಿ ಎರಡು ಹೆಸರಿಟ್ಟನು. ದಾಂಪತ್ಯವನ್ನು ಕಂಡೂ ಕಾಣದೆ ಹೋದ ಪಾಂಡಿತ್ಯಕ್ಕೆ ಇದೊಂದು ನಿದರ್ಶನ.

ಆ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನರಿಗೆ ಹುಯಿಯಾ ಪವಿತ್ರವಾದ ಪಕ್ಷಿ. ಅದರ ಬಾಲದ ಗರಿಯನ್ನು ತಲೆಯಲ್ಲಿ ಧರಿಸುವ ಅಧಿಕಾರವು ಕುಲದ ಹಿರಿಯರದಾಗಿತ್ತು. ಗರಿಗಳನ್ನು ಇಡುವುದಕ್ಕಾಗಿ ಅವರು ಕೆತ್ತನೆಯ ಮರದ ಪೆಟ್ಟಿಗೆಗಳನ್ನು ಮಾಡಿ ಮನೆಯ ಮಾಳಿಗೆಗೆ ತೂಗಹಾಕುತ್ತಿದ್ದರು. 'ವಾಕಾ ಹುಯಿಯಾ' ಎಂಬ ಆ ಪೆಟ್ಟಿಗೆಗಳು ಇಂದಿಗೂ ಮಾವೊರಿ ಶಿಲ್ಪದ ಉತ್ತಮ ಮಾದರಿಗಳೆನಿಸಿವೆ. ಸಾವಿನ ಮನೆಯಲ್ಲಿ ಗರಿಯನ್ನು ಧರಿಸುವುದೂ, ಮೃತನ ತಲೆಗೆ ಅದನ್ನು ಮುಡಿಸುವುದೂ ಅವರ ಸಂಪ್ರದಾಯ. ಎಂದರೆ, ಯಾವ ಹಕ್ಕಿಯ ಅಳಿವಿಗಾಗಿ ಇಂದು ಶೋಕಿಸಬೇಕಾಗಿದೆಯೋ ಅದೇ ಹಕ್ಕಿಯು ಹಿಂದೆ ಶೋಕದ ಅಲಂಕಾರವಾಗಿತ್ತು. ಈ ಸಂಗತಿಯನ್ನು ಮರೆತು ಮುಂದಿನ ಕೃತಿಗಳನ್ನು ನೋಡುವವರಿಗೆ ಅವುಗಳ ಅರ್ಧ ಅರ್ಥವೇ ದೊರೆಯುವುದು.

ಹಕ್ಕಿಯು ಅಳಿದ ಬಗೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ವಲಸೆ ಬಂದವರು ಹುಲ್ಲುಗಾವಲಿಗಾಗಿ ಹಳೆಯ ಕಾಡನ್ನು ಕಡಿದು ಸುಟ್ಟರು. ಅವರ ಹಡಗುಗಳಲ್ಲಿ ಬಂದ ಇಲಿ, ಬೆಕ್ಕುಗಳೂ, ಮೊಲಗಳ ಹಾವಳಿಯನ್ನು ತಡೆಯಲೆಂದು ತಂದುಬಿಟ್ಟ ಸ್ಟೋಟ್ ಎಂಬ ಮುಂಗುಸಿಯಂತಹ ಪ್ರಾಣಿಯೂ, ಅಂತಹ ಶತ್ರುಗಳನ್ನು ಕಂಡರಿಯದ ಹಕ್ಕಿಗಳ ಮೇಲೆ ಬಿದ್ದುವು. ಇವುಗಳ ಜೊತೆಗೆ ಬೇಟೆ. 1883ರಲ್ಲಿ ಹನ್ನೊಂದು ಜನರ ಒಂದು ತಂಡವು ಒಂದು ತಿಂಗಳಲ್ಲಿ 646 ಹುಯಿಯಾ ಚರ್ಮಗಳನ್ನು ತಂದಿತೆಂದು ಬುಲ್ಲರ್ ಬರೆದಿದ್ದಾನೆ. ಯೂರೋಪಿನ ವಸ್ತುಸಂಗ್ರಹಾಲಯಗಳಲ್ಲಿಯೂ ಶ್ರೀಮಂತರ ಗಾಜಿನ ಪೆಟ್ಟಿಗೆಗಳಲ್ಲಿಯೂ ಅವಕ್ಕೆ ಬೆಲೆಯಿತ್ತು. ಕೆಲವು ಮಾವೊರಿ ನಾಯಕರು ಬೇಟೆಗೆ ನಿಷೇಧವನ್ನು ಸಾರಿದರು. 1892ರಲ್ಲಿ ಸರಕಾರದ ಕಾನೂನೂ ಹುಯಿಯಾವಿಗೆ ರಕ್ಷಣೆಯನ್ನಿತ್ತಿತು, ಕಾಗದದ ಮೇಲೆ. 1901ರಲ್ಲಿ ಯಾರ್ಕಿನ ಡ್ಯೂಕ್, ಮುಂದೆ ಐದನೆಯ ಜಾರ್ಜ್ ದೊರೆಯಾದವನು, ರೋಟೋರುವಾ ಎಂಬ ಊರಿಗೆ ಬಂದಾಗ ಮಾವೊರಿ ಹೆಂಗಸೊಬ್ಬಳು ಗೌರವಕ್ಕಾಗಿ ತನ್ನ ಮುಡಿಯ ಗರಿಯನ್ನು ತೆಗೆದು ಅವನ ಟೋಪಿಯ ಪಟ್ಟಿಗೆ ಸಿಕ್ಕಿಸಿದಳು. ಅಂದಿನಿಂದ ಹುಯಿಯಾ ಗರಿಯಿಲ್ಲದ ಟೋಪಿಯು ಷೋಕಿಯ ಜನಕ್ಕೆ ಸಪ್ಪೆಯಾಯಿತು. ಹಿರಿಯರ ಲಾಂಛನವು ಪೇಟೆಯ ಸರಕಾಗಲು ಒಂದು ಮಧ್ಯಾಹ್ನ ಸಾಕಾಯಿತು.

ಇನ್ನು ಕಲೆಗೆ ಬರೋಣವಾಗಲಿ. ಹುಯಿಯಾವಿನ ಚಿತ್ರಗಳಲ್ಲಿ ಅತ್ಯಂತ ಪ್ರಖ್ಯಾತವಾದುದು ವಾಲ್ಟರ್ ಬುಲ್ಲರನ ನ್ಯೂಜಿಲೆಂಡ್ ಪಕ್ಷಿಗಳ ಇತಿಹಾಸವೆಂಬ ಗ್ರಂಥದಲ್ಲಿದೆ. 1873ರಲ್ಲಿ ಮೊದಲ ಮುದ್ರಣವನ್ನೂ, 1888ರ ಹೊತ್ತಿಗೆ ಎರಡನೆಯದನ್ನೂ ಕಂಡ ಆ ಗ್ರಂಥಕ್ಕೆ ಚಿತ್ರಗಳನ್ನು ಬರೆದವನು ಕ್ಯೂಲೆಮನ್ಸ್ ಎಂಬ ಡಚ್ ಚಿತ್ರಕಾರ. ಅವನು ನ್ಯೂಜಿಲೆಂಡನ್ನು ನೋಡಿದವನಲ್ಲ. ಲಂಡನ್ನಿನಲ್ಲಿ ಕುಳಿತು, ಹಡಗಿನಲ್ಲಿ ಬಂದ ಚರ್ಮಗಳನ್ನು ಮುಂದಿಟ್ಟುಕೊಂಡು ಬರೆದವನು. ಆದರೂ ಚಿತ್ರವು ಜೀವಂತವಾಗಿದೆ. ಗಂಡು ಹೆಣ್ಣುಗಳೆರಡನ್ನೂ ಒಟ್ಟಿಗೆ ಕೂರಿಸಿ, ಎರಡು ಕೊಕ್ಕುಗಳ ಅಂತರವು ನೋಡಿದ ಕೂಡಲೇ ಕಣ್ಣಿಗೆ ನಾಟುವಂತೆ ಮಾಡಿದ್ದಾನೆ. ಗರಿಯ ಕಪ್ಪಿನಲ್ಲಿ ಹಸುರಿನ ಛಾಯೆ ಎಲ್ಲಿ ಏಳಬೇಕೋ ಅಲ್ಲಿಯೇ ಎದ್ದಿದೆ. ಶಾಸ್ತ್ರೋಪಯೋಗಿ ಚಿತ್ರವಾಗಿ ಇದರಲ್ಲಿ ಕುಂದನ್ನು ಹುಡುಕುವುದು ಕಷ್ಟ. ಆದರೆ ಇದರ ಪೂರ್ಣತೆಯಲ್ಲಿಯೇ ಒಂದು ಕೊರತೆಯಿದೆ. ಗುಂಡಿನ ಗಾಯವನ್ನು ಮುಚ್ಚಿ, ಹತ್ತಿ ತುಂಬಿದ ಚರ್ಮಕ್ಕೆ ಉಸಿರನ್ನು ಹಾಕಿ, ಏನೂ ಆಗಿಲ್ಲವೆಂಬಂತೆ ಹಕ್ಕಿಯನ್ನು ಕೊಂಬೆಯ ಮೇಲೆ ಕೂರಿಸಿದ ಕೌಶಲ ಅದು. ಕೊಂದು ನೋಡಿದವರು ನೋಡಿದ್ದನ್ನು ಮಾತ್ರ ತೋರಿಸಿ, ಕೊಂದುದನ್ನು ಅಳಿಸಿದ್ದಾರೆ.

ಬುಲ್ಲರನ ಸ್ವಭಾವವು ಈ ಚಿತ್ರಕ್ಕೆ ಒಳ್ಳೆಯ ವ್ಯಾಖ್ಯಾನ. ಅವನು ನ್ಯಾಯವಾದಿ, ವಿದ್ವಾಂಸ, ಪಕ್ಷಿಗಳನ್ನು ಮನಸಾರ ಮೆಚ್ಚಿದವನು. ಹುಯಿಯಾ ಮುಂತಾದ ಹಕ್ಕಿಗಳು ಅಳಿದುಹೋಗುತ್ತವೆಂಬುದನ್ನು ಅವನು ಮುಂಚೆಯೇ ಕಂಡುಕೊಂಡಿದ್ದನು. ಅದಕ್ಕಾಗಿ ಮರುಗಿಯೂ ಇದ್ದನು. ಆದರೆ ಹೊಸ ಜನ, ಹೊಸ ಪ್ರಾಣಿಗಳ ಮುಂದೆ ಹಳೆಯವು ತೊಲಗುವುದು ಪ್ರಕೃತಿನಿಯಮವೆಂದು ಅವನ ನಂಬಿಕೆ. ಈ ನಿಯಮವನ್ನು ಅವನು ಮಾವೊರಿ ಜನರಿಗೂ ಅನ್ವಯಿಸಿದನು. ಅಳಿಯುವುದು ನಿಶ್ಚಯವಾದ ಮೇಲೆ ಮಾದರಿಗಳನ್ನಾದರೂ ಕೂಡಿಸಬೇಕಷ್ಟೆ ಎಂದು ತಾನೇ ಹೊಡೆದನು, ಹೊಡೆಸಿದನು, ಮಾರಿದನು. 1893ರಲ್ಲಿ ಲಿಟಲ್ ಬ್ಯಾರಿಯರ್ ಎಂಬ ರಕ್ಷಿತ ದ್ವೀಪಕ್ಕೆ ಸಾಗಿಸಬೇಕಾಗಿದ್ದ ಒಂದು ಜೀವಂತ ಜೋಡಿಯು ಅವನ ಕೈಸೇರಿ, ಇಂಗ್ಲೆಂಡಿನ ರಾತ್‌ಸ್ಚೈಲ್ಡ್ ಪ್ರಭುವಿಗೆ ಕಾಣಿಕೆಯಾಗಿ ಹೋಯಿತು. ಅವನ ಮರುಕವನ್ನು ಕಪಟವೆನ್ನುವುದು ಸುಲಭ, ಸರಿಯಲ್ಲ. ಅದು ನಿಜವಾದ ಮರುಕವೇ. ನಿಜವಾಗಿದ್ದೂ ಅದು ಬಂದೂಕನ್ನು ಕೆಳಗಿಡಿಸಲಿಲ್ಲವೆಂಬುದೇ ಇಲ್ಲಿ ವಿಚಾರಮಾಡತಕ್ಕ ವಿಷಯ.

ಪಕ್ಷಿವಧೆಯಿಂದ ಕಾವ್ಯವು ಹುಟ್ಟಿದ ಕಥೆಯನ್ನು ಕನ್ನಡ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ತಮಸಾನದಿಯ ತೀರ, ಕ್ರೌಂಚಗಳ ಜೋಡಿ, ಬೇಡನ ಬಾಣ, ಉಳಿದ ಹಕ್ಕಿಯ ಗೋಳು, ಮುನಿಯ ಶಾಪವೇ ಛಂದಸ್ಸಾದುದು. ಸತ್ತುದು ಗಂಡೋ ಹೆಣ್ಣೋ ಎಂಬ ವಿಷಯದಲ್ಲಿ ರಾಮಾಯಣದ ಪಾಠಕ್ಕೂ ಆನಂದವರ್ಧನನ ಮಾತಿಗೂ ಹೊಂದಿಕೆಯಿಲ್ಲವೆಂದು ಪಂಡಿತರು ಬಹಳ ಕಾಲ ವಾದಿಸಿದ್ದಾರೆ. ಆ ವಾದವು ಇಲ್ಲಿ ಬೇಕಿಲ್ಲ. ಗಮನಿಸಬೇಕಾದುದು ಆ ಪ್ರಸಂಗದ ರಚನೆಯನ್ನು. ಕೊಂದವನೊಬ್ಬ, ಉಳಿದು ಅಳುವುದೊಂದು, ಇವೆರಡನ್ನೂ ನೋಡಿ ಮಿಡಿಯುವವನು ಇನ್ನೊಬ್ಬ. ಈ ಮೂವರೂ ಬೇರೆ ಬೇರೆಯಾಗಿರುವುದರಿಂದಲೇ ಶೋಕವು ಕರುಣವಾಗಿ ಪರಿಣಮಿಸಲು ಅವಕಾಶವಾಯಿತು. ಮುನಿಯದು ಸ್ವಂತ ದುಃಖವಲ್ಲ, ಸ್ವಂತ ದುಃಖವಾಗಿದ್ದರೆ ಅದು ಗೋಳಾಗುತ್ತಿತ್ತೇ ಹೊರತು ಶ್ಲೋಕವಾಗುತ್ತಿರಲಿಲ್ಲವೆಂಬ ಅಭಿನವಗುಪ್ತನ ವಿವರಣೆಯೂ ಈ ದೂರವನ್ನೇ ಅವಲಂಬಿಸಿದೆ.

ಹುಯಿಯಾವಿನ ವಿಷಯದಲ್ಲಿ ಈ ರಚನೆಯು ಕುಸಿದು ಬೀಳುತ್ತದೆ. ಜೋಡಿಯಲ್ಲಿ ಒಂದನ್ನು ಹಿಡಿದರೆ ಇನ್ನೊಂದು ದೂರ ಹೋಗದೆ ಅಲ್ಲಿಯೇ ಸುಳಿಯುತ್ತಿತ್ತೆಂದು ಆ ಕಾಲದವರು ಬರೆದಿಟ್ಟಿದ್ದಾರೆ. ಸುಳಿದುದು ಬೇಟೆಗಾರನಿಗೆ ಅನುಕೂಲವಾಯಿತು. ಎಂದಮೇಲೆ ಉಳಿದು ಅಳುವ ಹಕ್ಕಿಯಿಲ್ಲ. ಕೊಂದವನೂ ಮರುಗುವವನೂ ಒಬ್ಬನೇ ಆದುದರಿಂದ ಬೇಡನಿಗೂ ಮುನಿಗೂ ನಡುವೆ ಅಂತರವಿಲ್ಲ. ಬೇಡನೇ ಮುನಿಯಾದರೆ ಶಾಪವು ಯಾರ ಮೇಲೆ ಹೋಗಬೇಕು? ಕ್ಯೂಲೆಮನ್ಸನ ಚಿತ್ರದಲ್ಲಿ ಕಾಣುವ ಆ ಮೌನ, ಆ ಸ್ವಚ್ಛತೆ, ಈ ತೊಡಕಿನಿಂದ ಬಂದುದು. ಅಳಿದ ಹಕ್ಕಿಗಳನ್ನು ಕುರಿತು ಮುಂದೆ ಬರೆದ, ಚಿತ್ರಿಸಿದ ಯಾರಾದರೂ ಮೊದಲು ಎದುರಿಸಬೇಕಾದುದು ಇದನ್ನೇ: ಶೋಕಿಸುವ ಅಧಿಕಾರವನ್ನು ತಾನು ಎಲ್ಲಿಂದ ಪಡೆಯುವುದು?

ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಅತ್ಯಂತ ಮರ್ಮಭೇದಕವಾದುದು ಕಲೆಯೆಂಬ ಉದ್ದೇಶದಿಂದ ಹುಟ್ಟಿದುದಲ್ಲ. ಹುಯಿಯಾವಿನ ಕೂಗನ್ನು ಯಾರೂ ಯಂತ್ರದಲ್ಲಿ ಹಿಡಿದಿಡಲಿಲ್ಲ. ಹಿಡಿಯಬಹುದಾದ ಯಂತ್ರ ಸುಲಭವಾಗಿ ಕಾಡಿಗೆ ಹೋಗುವ ಕಾಲಕ್ಕೆ ಹಕ್ಕಿಯಿರಲಿಲ್ಲ. ಆದರೆ 1949ರಲ್ಲಿ ಒಂದು ಧ್ವನಿಮುದ್ರಣವಾಯಿತು. ಹೇನರೆ ಹಾಮನ ಎಂಬ ಮಾವೊರಿ ವೃದ್ಧನು ಸಿಳ್ಳಿನಲ್ಲಿ ಹುಯಿಯಾವಿನ ಕೂಗುಗಳನ್ನು ಅನುಕರಿಸಿದನು. ಬ್ಯಾಟ್ಲಿ ಎಂಬವರು ಅದಕ್ಕೆ ವಿವರಣೆಯನ್ನು ಹೇಳಿದರು. ಹಾಮನನು 1909ರಲ್ಲಿ ಹುಯಿಯಾವನ್ನು ಹುಡುಕಲು ಹೊರಟ ತಂಡದೊಡನೆ ಕಾಡಿಗೆ ಹೋಗಿದ್ದವನು. ಸಿಳ್ಳುಹಾಕಿ ಹಕ್ಕಿಯನ್ನು ಕರೆಯುವುದು ಅವನ ಕೆಲಸ. ತಂಡವು ಹಕ್ಕಿಯನ್ನು ಹಿಡಿದು ತರಲಿಲ್ಲ. ನಾಲ್ವತ್ತು ವರ್ಷಗಳ ಮೇಲೆ, ಕಾಡಿನಿಂದ ದೂರವಾಗಿ, ಅವನು ಅದೇ ಸಿಳ್ಳನ್ನು ಯಂತ್ರದ ಮುಂದೆ ಹಾಕಿದನು.

ಆ ಧ್ವನಿಯನ್ನು ಇಂದೂ ಕೇಳಬಹುದು. ಮೃದುವಾಗಿ ಎದ್ದು ಇಳಿಯುವ ಕೆಲವು ಸ್ವರಗಳು, ನಡುನಡುವೆ ವಿರಾಮ. ಸಂಗೀತದ ದೃಷ್ಟಿಯಿಂದ ಅದರಲ್ಲಿ ವಿಶೇಷವೇನೂ ಇಲ್ಲ. ಆದರೆ ಅದರ ಹಿನ್ನೆಲೆಯನ್ನು ಬಲ್ಲವನಿಗೆ ಪ್ರತಿಯೊಂದು ವಿರಾಮವೂ ತಡೆಯಲಾರದಷ್ಟು ಭಾರವಾಗುತ್ತದೆ. ಏಕೆಂದರೆ ಸಿಳ್ಳು ಉತ್ತರವನ್ನು ಬಯಸಿ ಹಾಕುವುದು. ಬೇಟೆಗಾರರು ಹೀಗೆಯೇ ಕರೆಯುತ್ತಿದ್ದರು, ಕುತೂಹಲಿಯಾದ ಹುಯಿಯಾ ಹತ್ತಿರ ಬರುತ್ತಿತ್ತು, ಬಂದುದು ಹಿಂದಿರುಗುತ್ತಿರಲಿಲ್ಲ. ಹಕ್ಕಿಯ ಕಂಠದಿಂದ ಲೋಕಕ್ಕೆ ಉಳಿದಿರುವುದು ಯಾವುದು ಅದನ್ನು ಸಾವಿಗೆ ಕರೆಯುತ್ತಿತ್ತೋ ಅದೇ ಧ್ವನಿ. ಇದರಲ್ಲಿ ಶೋಕಿಸುವವನು ತನ್ನ ಕೈಗಳನ್ನು ಮರೆಮಾಡುವಂತಿಲ್ಲ. ಕ್ಯೂಲೆಮನ್ಸನ ಚಿತ್ರದಲ್ಲಿ ಅಳಿಸಿಹೋಗಿದ್ದ ಬೇಟೆಯು ಇಲ್ಲಿ ಅನುಕರಣದ ಒಡಲಿನಲ್ಲಿಯೇ ಇದೆ. ಇನ್ನೊಂದು ಸಂಗತಿ: ಹುಯಿಯಾ ಎಂಬ ಹೆಸರೇ ಅದರ ಕೂಗಿನಿಂದ ಬಂದುದು, ಕನ್ನಡದಲ್ಲಿ ಕಾಗೆಯ ಹೆಸರು ಕಾ ಎಂಬ ಕೂಗಿನಿಂದ ಬಂದಂತೆ. ಹಕ್ಕಿಯ ಹೆಸರನ್ನು ಹೇಳುವ ಪ್ರತಿಯೊಬ್ಬನೂ ತಿಳಿದೋ ತಿಳಿಯದೆಯೋ ಹಾಮನನ ಕೆಲಸವನ್ನೇ ಅಷ್ಟಿಷ್ಟು ಮಾಡುತ್ತಿದ್ದಾನೆ.

ರಸವು ಅನುಕರಣರೂಪವಾದುದೆಂದು ಸಾಧಿಸಲು ಶಂಕುಕನು ಚಿತ್ರದ ಕುದುರೆಯ ದೃಷ್ಟಾಂತವನ್ನು ಕೊಟ್ಟನು. ಗೋಡೆಯ ಮೇಲಿನ ಕುದುರೆಯನ್ನು ನೋಡಿದವನಿಗೆ 'ಇದು ಕುದುರೆ' ಎಂಬ ಬುದ್ಧಿಯು ಹುಟ್ಟುತ್ತದೆ; ಅದು ನಿಜವೂ ಅಲ್ಲ, ಭ್ರಮೆಯೂ ಅಲ್ಲ, ಸಂಶಯವೂ ಅಲ್ಲ. ಬೀದಿಯಲ್ಲಿ ನಿಜವಾದ ಕುದುರೆಗಳು ಓಡಾಡುತ್ತಿದ್ದ ಕಾಲದಲ್ಲಿ ಈ ದೃಷ್ಟಾಂತವು ಹೊಳೆದುದು ಸಹಜವೇ. ಕುದುರೆಗಳೆಲ್ಲ ಅಳಿದು ಗೋಡೆಯ ಮೇಲಿನದೊಂದೇ ಉಳಿದರೆ ಆ ಬುದ್ಧಿಗೆ ಏನೆಂದು ಹೆಸರಿಡಬೇಕು? ಮೂಲವನ್ನು ಕಾಣದವನಿಗೆ ಅನುಕರಣವು ಅನುಕರಣವೆಂದು ತೋರುವುದು ಹೇಗೆಂದು ಶಂಕುಕನ ಮತವನ್ನು ಖಂಡಿಸಿದವರು ಕೇಳಿದ್ದರು. 1949ರ ಸಿಳ್ಳನ್ನು ಕೇಳುವವರಿಗೆ ಈ ಆಕ್ಷೇಪವು ಬರಿಯ ತರ್ಕವಾಗಿ ಉಳಿಯುವುದಿಲ್ಲ. ಅದು ಹಕ್ಕಿಯ ಕೂಗಿಗೆ ಎಷ್ಟು ಸಮೀಪವೆಂದು ಹೇಳಬಲ್ಲವರಾರೂ ಈಗ ಇಲ್ಲ. ಕೇಳುಗನಿಗೆ ದೊರೆಯುವುದು ಹಕ್ಕಿಯಲ್ಲ. ಹಕ್ಕಿಯನ್ನು ಬಲ್ಲ ಒಬ್ಬ ಮನುಷ್ಯನ ಉಸಿರು. ಅದು ಸಾಲದೆಂದು ಹೇಳುವುದಕ್ಕೆ ಯಾರಿಗೂ ಬಾಯಿ ಬರುವುದಿಲ್ಲ.

ಬಿಲ್ ಹ್ಯಾಮಂಡ್ ಎಂಬ ಚಿತ್ರಕಾರನದು ಬೇರೊಂದು ದಾರಿ. 1947ರಲ್ಲಿ ಕ್ರೈಸ್ಟ್‌ಚರ್ಚಿನಲ್ಲಿ ಹುಟ್ಟಿ, ಲಿಟಲ್ಟನ್ ಎಂಬ ಬಂದರಿನ ಊರಿನಲ್ಲಿ ಬಾಳಿ, 2021ರಲ್ಲಿ ತೀರಿಹೋದ ಈತನು ತನ್ನ ಚಿತ್ರಗಳನ್ನು ಕುರಿತು ಮಾತನಾಡುವುದಕ್ಕೆ ಬಹುಮಟ್ಟಿಗೆ ಒಪ್ಪಿದವನಲ್ಲ. 1989ರಲ್ಲಿ ಅವನು ದಕ್ಷಿಣಸಮುದ್ರದ ಆಕ್‌ಲೆಂಡ್ ದ್ವೀಪಗಳಿಗೆ ಹೋದನು. ಆ ನಿರ್ಜನ ದ್ವೀಪಗಳಲ್ಲಿ ಹಕ್ಕಿಗಳು ತೀರದ ಮೇಲೆ ನಿಂತು ಬಂದವರನ್ನು ನೋಡುತ್ತಿದ್ದುವು. ಮನುಷ್ಯನು ಕಾಲಿಡುವ ಮುಂಚೆ ತನ್ನ ನಾಡು ಹೀಗಿದ್ದಿರಬೇಕೆಂದು ಅವನಿಗೆ ತೋರಿತು. ಮರಳಿ ಬಂದು ಅವನು ಬರೆದ ಚಿತ್ರಗಳಲ್ಲಿ ಹಕ್ಕಿಗಳು ತುಂಬಿಕೊಂಡುವು. 1993ರ ಒಂದು ಚಿತ್ರಕ್ಕೆ 'ಬುಲ್ಲರನಿಗಾಗಿ ಕಾಯುತ್ತ' ಎಂಬರ್ಥದ ಹೆಸರು. 1994ರ ಇನ್ನೊಂದಕ್ಕೆ 'ಬುಲ್ಲರನ ಮೇಜಿನ ಹಾಸು'.

ಈ ಚಿತ್ರಗಳಲ್ಲಿ ಕಾಣುವುದೇನು? ಕಡುಹಸುರು, ಒದ್ದೆಯಾದ ಕಾಡಿನಲ್ಲಿ ಎಲೆಯಿಂದ ಎಲೆಗೆ ನೀರು ಇಳಿಯುವಂತೆ ಬಟ್ಟೆಯ ಮೇಲೆ ಉದ್ದುದ್ದಕ್ಕೆ ಇಳಿದ ಬಣ್ಣ. ಅದರ ನಡುವೆ ತೆಳ್ಳನೆಯ ಮನುಷ್ಯದೇಹದ ಮೇಲೆ ಹಕ್ಕಿಯ ತಲೆಯುಳ್ಳ ಆಕೃತಿಗಳು. ಕೊಂಬೆಗಳ ಮೇಲೆ, ಬಂಡೆಗಳ ಮೇಲೆ ನಿಂತಿವೆ. ಕೆಲವುದರ ಕೈಯಲ್ಲಿ ವಾದ್ಯಗಳಿವೆ. ಏನೋ ಬರುವುದಿದೆಯೆಂಬಂತೆ ಒಂದೇ ಕಡೆಗೆ ನೋಡುತ್ತಿರುತ್ತವೆ. ಇವು ಹುಯಿಯಾಗಳೆಂದಾಗಲಿ, ಇನ್ನಾವ ಜಾತಿಯೆಂದಾಗಲಿ ಬೆರಳಿಟ್ಟು ತೋರಿಸುವಂತಿಲ್ಲ. ಬಂದೂಕಿಲ್ಲ, ರಕ್ತವಿಲ್ಲ, ಗಾಜಿನ ಪೆಟ್ಟಿಗೆಯಿಲ್ಲ. ಏನೂ ನಡೆಯುತ್ತಿಲ್ಲ. ಕಾಯುವುದೊಂದೇ ಇಲ್ಲಿ ವ್ಯಾಪಾರ.

ಬುಲ್ಲರನ ಹೆಸರನ್ನು ಅರಿಯದವನು ಇದನ್ನು ನೋಡಿ ವಿಚಿತ್ರವಾದ ಸೊಗಸೆಂದು ಮೆಚ್ಚಿ ಮುಂದೆ ಹೋಗಬಹುದು. ಅರಿತವನಿಗೆ ಆ ಒಂದು ಹೆಸರು ಚಿತ್ರವನ್ನೆಲ್ಲ ಕಲಕಿಬಿಡುತ್ತದೆ. ಹಕ್ಕಿಗಳು ಯಾರನ್ನು ಕಾಯುತ್ತಿವೆಯೋ ಅವನು ತಮ್ಮನ್ನು ಮೆಚ್ಚುವವನು, ವರ್ಣಿಸುವವನು, ಅಮರಗೊಳಿಸುವವನು, ಕೊಲ್ಲುವವನು. ಇದನ್ನು ಚಿತ್ರವು ಹೇಳುವುದಿಲ್ಲ. ಹೇಳಿದ್ದರೆ ಅದು ಭಿತ್ತಿಪತ್ರವಾಗುತ್ತಿತ್ತು. ಆನಂದವರ್ಧನನು ಧ್ವನಿಯೆಂದು ಕರೆದುದಕ್ಕೆ ಚಿತ್ರಕಲೆಯಲ್ಲಿ ಇದಕ್ಕಿಂತ ಶುದ್ಧವಾದ ಉದಾಹರಣೆ ವಿರಳ. ಮತ್ತು ಶೋಕಿಸುವ ಅಧಿಕಾರದ ಪ್ರಶ್ನೆಯನ್ನೂ ಹ್ಯಾಮಂಡನು ಯುಕ್ತಿಯಿಂದ ಬಿಡಿಸಿದ್ದಾನೆ. ಅವನು ಶೋಕಿಸುವುದೇ ಇಲ್ಲ. ಅಳಿವಿನ ಹಿಂದಿನ ಗಳಿಗೆಯನ್ನು ಚಿತ್ರಿಸಿ, ಮುಂದಿನದನ್ನು ಬಲ್ಲ ಪ್ರೇಕ್ಷಕನಿಗೆ ಆ ಭಾರವನ್ನು ಹೊರಿಸಿ ತಾನು ಪಕ್ಕಕ್ಕೆ ಸರಿಯುತ್ತಾನೆ.

ಹಕ್ಕಿಗೆ ಮನುಷ್ಯನ ಮೈಯನ್ನು ಕೊಟ್ಟುದು ಸರಿಯೇ ಎಂಬ ಆಕ್ಷೇಪವನ್ನು ಕೆಲವರು ಎತ್ತಬಹುದು. ದುರ್ಗಸಿಂಹನ ಪಂಚತಂತ್ರದಲ್ಲಿ ಮೃಗಪಕ್ಷಿಗಳು ಮಾತನಾಡುತ್ತವೆ. ಆದರೆ ಅವು ಆಡುವುದು ಮನುಷ್ಯರ ನೀತಿಯನ್ನು, ಮನುಷ್ಯರಿಗಾಗಿ. ಅಲ್ಲಿ ಕಾಗೆಗೂಬೆಗಳು ವೇಷ ಹಾಕಿದ ಮಂತ್ರಿಗಳು. ಹ್ಯಾಮಂಡನ ಹಕ್ಕಿಗಳು ಯಾರಿಗೂ ಏನನ್ನೂ ಬೋಧಿಸುವುದಿಲ್ಲ. ಅವುಗಳಿಗೆ ಕೈಕಾಲುಗಳನ್ನು ಕೊಟ್ಟುದರಿಂದ ನೋಡುವವನು ಅವುಗಳನ್ನು ಮಾದರಿಗಳಂತೆ ಪರೀಕ್ಷಿಸಲಾರನು, ಎದುರಿಗಿರುವವರಂತೆ ನೋಡಬೇಕಾಗುತ್ತದೆ. ಹೆಸರಿಸಿ ವಿಂಗಡಿಸುವ ಬುಲ್ಲರನ ಕಣ್ಣಿಗೆ ಇದು ತಕ್ಕ ಉತ್ತರ. ಬುಲ್ಲರನಿಗೆ ಹಕ್ಕಿಗಳಂತೆ ಮಾವೊರಿಗಳೂ ಅಳಿಯತಕ್ಕವರಾಗಿ ಕಂಡಿದ್ದರೆಂಬುದನ್ನು ನೆನೆದರೆ, ಈ ಬೆರಕೆಯ ದೇಹಗಳಲ್ಲಿ ಇನ್ನೊಂದು ಅರ್ಥವೂ ತೋರುತ್ತದೆ.

1995ರ 'ಇಕಾರಸನ ಪತನ' ಹ್ಯಾಮಂಡನ ಶ್ರೇಷ್ಠ ಕೃತಿಯೆಂದು ಹೇಳಬಹುದು. ಕ್ರೈಸ್ಟ್‌ಚರ್ಚಿನ ಕಲಾಶಾಲೆಯಲ್ಲಿರುವ ಈ ಚಿತ್ರಕ್ಕೆ ಬ್ರೂಗಲನದೆಂದು ಪ್ರಸಿದ್ಧವಾದ ಹಳೆಯ ಚಿತ್ರವೊಂದು ಮಾತೃಕೆ. ಮೇಣದ ರೆಕ್ಕೆಗಳನ್ನು ಕಟ್ಟಿಕೊಂಡು ಹಾರಿ, ಸೂರ್ಯನ ಸಮೀಪಕ್ಕೆ ಹೋಗಿ, ರೆಕ್ಕೆ ಕರಗಿ ಕಡಲಿಗೆ ಬಿದ್ದ ಗ್ರೀಕ್ ಬಾಲಕನ ಕಥೆ ಅದು. ಹಳೆಯ ಚಿತ್ರದಲ್ಲಿ ಬಾಲಕನು ಮುಳುಗುವಾಗ ನೇಗಿಲು ಹಿಡಿದ ರೈತನು ತಲೆಯೆತ್ತಿಯೂ ನೋಡುವುದಿಲ್ಲ. ಹ್ಯಾಮಂಡನ ಚಿತ್ರದಲ್ಲಿ ಹಕ್ಕಿಗಳು ಮರಗಳಲ್ಲಿ ಕುಳಿತು ಸಮುದ್ರವನ್ನು ನೋಡುತ್ತಿವೆ. ರೆಕ್ಕೆಯನ್ನು ಎರವು ತಂದವನು ಬೀಳುತ್ತಿದ್ದಾನೆ. ರೆಕ್ಕೆಯನ್ನು ಹುಟ್ಟಿನಿಂದ ಪಡೆದವು ನೋಡುತ್ತಿವೆ. ಅವುಗಳ ಮುಖದಲ್ಲಿ ಕನಿಕರವೋ ತಾತ್ಸಾರವೋ ತಿಳಿಯುವಂತಿಲ್ಲ. ನೋಡುವವರು ಯಾರು, ನೋಡಿಸಿಕೊಳ್ಳುವವರು ಯಾರು ಎಂಬ ಹಳೆಯ ಸಂಬಂಧವು ಇಲ್ಲಿ ತಲೆಕೆಳಗಾಗಿದೆ. ಇದಕ್ಕೆ ಹೋಲಿಸಿದರೆ ಅವನ ಅನಂತರದ ಕೆಲವು ದೊಡ್ಡ ಚಿತ್ರಗಳಲ್ಲಿ ಅಲಂಕಾರದ ಮೋಹ ಹೆಚ್ಚಿದೆ. ಹಕ್ಕಿಗಳು ಕಾಯುವುದನ್ನು ಬಿಟ್ಟು ಭಂಗಿಯನ್ನು ಹಿಡಿದಂತೆ ತೋರುತ್ತವೆ. ಒಂದೇ ರಾಗವನ್ನು ಬಹುಕಾಲ ಹಾಡಿದವನಿಗೆ ಬರುವ ಆಯಾಸವೆಂದು ಅದನ್ನು ಕ್ಷಮಿಸಬಹುದು.

ಮಾವೊರಿ ವಂಶದವಳಾದ ಫಿಯೋನಾ ಪಾರ್ಡಿಂಗ್ಟನ್ ಎಂಬ ಛಾಯಾಚಿತ್ರಕಾರ್ತಿಯು ವಸ್ತುಸಂಗ್ರಹಾಲಯಗಳಲ್ಲಿ ಕಾಪಿಟ್ಟ ಹಕ್ಕಿಗಳನ್ನು, ಹುಯಿಯಾವನ್ನು ಕೂಡ, ಸತ್ತ ಹಕ್ಕಿಗಳಾಗಿಯೇ ತೋರಿಸಿದ್ದಾಳೆ. ಕ್ಯೂಲೆಮನ್ಸನು ಮುಚ್ಚಿದುದನ್ನು ಅವಳು ಬಿಚ್ಚಿಟ್ಟಳು. ಆದರೂ ನೋಟದಲ್ಲಿ ನಿಷ್ಠುರತೆಯಿಲ್ಲ. ಮನೆಯವರ ಶವದ ಮಗ್ಗುಲಲ್ಲಿ ಕುಳಿತವರ ನೋಟ ಅದು. ಮೃತರ ತಲೆಗೆ ಹುಯಿಯಾ ಗರಿಯನ್ನು ಮುಡಿಸುತ್ತಿದ್ದ ಜನರ ಪರಂಪರೆಯಲ್ಲಿ ಹುಯಿಯಾವೇ ಶವವಾದಾಗ ಹೀಗೆ ಕುಳಿತುಕೊಳ್ಳುವುದನ್ನುಳಿದು ಬೇರೆ ಯಾವ ಸಂಸ್ಕಾರ ಸಾಧ್ಯ?

ಇತ್ತ, ಶೋಕವೇ 1999ರಲ್ಲಿ ಒಂದು ಹೊಸ ತಿರುವನ್ನು ಪಡೆಯಿತು. ಹೇಸ್ಟಿಂಗ್ಸ್ ಎಂಬ ಊರಿನ ಬಾಲಕರ ಪ್ರೌಢಶಾಲೆಯಲ್ಲಿ, ಆ ಶಾಲೆಯ ಲಾಂಛನವಾದ ಹುಯಿಯಾವನ್ನು ಕಾಪಿಟ್ಟ ಚರ್ಮಗಳ ಅಂಶದಿಂದ ಮತ್ತೆ ಹುಟ್ಟಿಸಬಹುದೇ ಎಂದು ವಿಚಾರಮಾಡಲು ಒಂದು ಸಭೆ ಸೇರಿತು. ಹಕ್ಕಿ ಹುಟ್ಟಲಿಲ್ಲ. ವಿಜ್ಞಾನದ ಮಾತು ಹಾಗಿರಲಿ. ಸಾಹಿತ್ಯದ ದೃಷ್ಟಿಯಿಂದ ಇದು ಒಂದು ಸೂಕ್ಷ್ಮವಾದ ಭೇದವನ್ನು ನೆನಪಿಗೆ ತರುತ್ತದೆ. ಕರುಣವು ನಿರಪೇಕ್ಷವಾದುದು, ವಿಪ್ರಲಂಭವು ಸಾಪೇಕ್ಷವಾದುದೆಂದು ಭರತನು ಬೇರ್ಪಡಿಸಿದ್ದಾನೆ. ಅಗಲಿದವರು ಮತ್ತೆ ಕೂಡಬಹುದೆಂಬ ಆಸೆಯಿದ್ದರೆ ಅದು ವಿಪ್ರಲಂಭ, ಆಸೆಯು ಕಡಿದರೆ ಕರುಣ. ಅಳಿದ ಹಕ್ಕಿಯನ್ನು ಮರಳಿ ತರುವೆವೆಂಬ ಮಾತು ಕರುಣವನ್ನು ವಿಪ್ರಲಂಭವಾಗಿಸಲು ಹವಣಿಸುತ್ತದೆ. ಹುಡುಗರ ಆಸೆಯನ್ನು ಹಳಿಯುವವರಾರು! ಆದರೆ ಇಂದು ಇನ್ನೂ ಉಸಿರಾಡುತ್ತಿರುವ ಹಕ್ಕಿಗಳ ವಿಷಯದಲ್ಲಿ ಈ ಆಸೆಯು ಬುಲ್ಲರನ ಪ್ರಕೃತಿನಿಯಮದಷ್ಟೇ ಅಪಾಯಕಾರಿಯಾಗಬಲ್ಲದು. ಹೋದರೂ ಮರಳಿ ತರಬಹುದೆಂಬ ಮಾತೂ, ಹೇಗೂ ಹೋಗುವುದೇ ಎಂಬ ಮಾತೂ ಬಂದೂಕನ್ನು ಕೆಳಗಿಡಿಸುವುದಿಲ್ಲ. ಹಾಮನನ ಸಿಳ್ಳಿನಲ್ಲಿ ಈ ಆಸೆಯ ಸೋಂಕಿಲ್ಲ. ಕರೆಯುವ ಸ್ವರದಲ್ಲಿ ಕರೆದೂ, ಬರುವುದಿಲ್ಲವೆಂದು ತಿಳಿದೇ ಕರೆದುದು ಅದು.

2024ರ ಮೇ ತಿಂಗಳಲ್ಲಿ ಆಕ್‌ಲೆಂಡಿನಲ್ಲಿ ಹುಯಿಯಾವಿನ ಬಾಲದ ಗರಿಯೊಂದು ಹರಾಜಿಗೆ ಬಂದಿತು. ಮಾರುವವರು ಎರಡು ಮೂರು ಸಾವಿರ ಡಾಲರುಗಳನ್ನು ನಿರೀಕ್ಷಿಸಿದ್ದರು. ಬಂದುದು ನ್ಯೂಜಿಲೆಂಡಿನ 46,521 ಡಾಲರು. ಒಂದು ಗರಿಗೆ ಅಷ್ಟು ಬೆಲೆಯನ್ನು ಅದಕ್ಕೆ ಮುಂಚೆ ಯಾರೂ ಕೊಟ್ಟಿರಲಿಲ್ಲ. ಬೆಳಕಿನ ತಾಪ ತಾಗದಂತಹ ಗಾಜಿನ ಹಿಂದೆ ಅದನ್ನು ಕಟ್ಟಿಟ್ಟಿದ್ದರು: ಕಪ್ಪು ಗರಿ, ತುದಿಗೆ ಬಿಳಿಯ ಪಟ್ಟೆ. ಮಾವೊರಿ ಪರಂಪರೆಯ ವಸ್ತುವೆಂದು ಅದು ಸರಕಾರದ ಪಟ್ಟಿಯಲ್ಲಿ ದಾಖಲಾಗಿರುವುದರಿಂದ, ಕೊಂಡವರು ಅದನ್ನು ದೇಶದಿಂದ ಹೊರಕ್ಕೆ ಒಯ್ಯಬೇಕಾದರೆ ಅಪ್ಪಣೆ ಪಡೆಯಬೇಕು. 1893ರಲ್ಲಿ ಹಡಗು ಹತ್ತಿದ ಜೋಡಿಗೆ ಇಪ್ಪತ್ತನಾಲ್ಕು ಗರಿಗಳಿದ್ದುವು.